ಸೆನ್ಸರ್ ಇಲ್ಲದೆ ತಿರುಗುವ ಮೋಟಾರು, ಮೆಕ್ಯಾನಿಕ್ ಕೈಗೆ ಸಿಗದ ಲೆಕ್ಕ

ಮನೆಗೆ ಬಿಎಲ್‌ಡಿಸಿ ಸೀಲಿಂಗ್ ಫ್ಯಾನ್ ಹಾಕಿಸಿದ ದಿನ ಅಮ್ಮ ಫೋನ್ ಮಾಡಿ ದೂರು ಹೇಳಿದ್ರು. "ಸ್ವಿಚ್ ಹಾಕಿದ ತಕ್ಷಣ ತಿರುಗಲ್ಲ ಕಣೋ. ಒಂಚೂರು ಹಿಂದಕ್ಕೆ ಹೋಗಿ, ಯೋಚ್ನೆ ಮಾಡಿ, ಆಮೇಲೆ ಮುಂದಕ್ಕೆ ಹೋಗುತ್ತೆ. ಕೆಟ್ಟಿರೋದನ್ನ ಕೊಟ್ಟಿದಾರಾ?"

ಕೆಟ್ಟಿರಲಿಲ್ಲ. ಅಮ್ಮ ಬಳಸಿದ 'ಯೋಚನೆ' ಅನ್ನೋ ಪದವೂ ತಪ್ಪಲ್ಲ. ಸ್ವಿಚ್ ಹಾಕಿದ ಕ್ಷಣದಲ್ಲಿ ಆ ಫ್ಯಾನಿನ ಸರ್ಕ್ಯೂಟಿಗೆ ತನ್ನ ಅಯಸ್ಕಾಂತ ಯಾವ ದಿಕ್ಕಿಗೆ ನಿಂತಿದೆ ಅನ್ನೋದೇ ಗೊತ್ತಿರಲ್ಲ. ಗೊತ್ತುಮಾಡಿಕೊಳ್ಳಲು ಒಳಗೆ ಯಾವ ಸೆನ್ಸರೂ ಇಲ್ಲ. ಹಾಗಾಗಿ ಮೊದಲು ಒಂದು ಸುರುಳಿಗೆ ಕರೆಂಟ್ ಕೊಟ್ಟು ಅಯಸ್ಕಾಂತವನ್ನು ತನಗೆ ಬೇಕಾದ ಕಡೆಗೆ ಎಳೆದು ನಿಲ್ಲಿಸುತ್ತೆ. ಅಮ್ಮ ನೋಡಿದ ಹಿಂದಿನ ತೊನೆತ ಅದೇ. ಆಮೇಲೆ ಕುರುಡಾಗಿ ನಿಧಾನಕ್ಕೆ ತಿರುಗಿಸಲು ಶುರುಮಾಡಿ, ಸ್ವಲ್ಪ ವೇಗ ಬಂದ ಮೇಲೆ ಮೋಟಾರೇ ಹುಟ್ಟಿಸುವ ವೋಲ್ಟೇಜನ್ನು ಕೇಳಿಸಿಕೊಂಡು ಮುಂದುವರಿಯುತ್ತೆ. ಇದಕ್ಕೆ ಸೆನ್ಸರ್‌ಲೆಸ್ ಕಂಟ್ರೋಲ್ ಅಂತ ಹೆಸರು. ಫ್ಯಾನು ಈ ಕುಟುಂಬದ ನಿಧಾನಸ್ಥ, ನಿಮಿಷಕ್ಕೆ ಮುನ್ನೂರು ಚಿಲ್ಲರೆ ಸುತ್ತು ಅಷ್ಟೆ. ನಾನು ಹೇಳಹೊರಟಿರೋದು ಇದರ ಓಡುವ ಸಂಬಂಧಿಕರ ಬಗ್ಗೆ: ನಿಮಿಷಕ್ಕೆ ಒಂದು ಲಕ್ಷ ಸುತ್ತು ಹೊಡೆಯುವ ವ್ಯಾಕ್ಯೂಮ್ ಕ್ಲೀನರ್, ಹೇರ್ ಡ್ರೈಯರ್‌ಗಳ ಮೋಟಾರುಗಳು. ಅವು ಮನೆಯೊಳಗೆ ಬಂದದ್ದರಿಂದ ರಿಪೇರಿ ಅಂಗಡಿಯಲ್ಲಿ ಏನು ಬದಲಾಯ್ತು ಅನ್ನೋದರ ಬಗ್ಗೆ ಕೂಡ.

ಮಿಕ್ಸಿಯ ಕಿಡಿ

ನಮ್ಮ ಅಡುಗೆಮನೆಯ ಅತಿ ವೇಗದ ಯಂತ್ರ ಅಂದ್ರೆ ಇವತ್ತಿಗೂ ಮಿಕ್ಸಿ. ಖಾಲಿ ತಿರುಗುವಾಗ 18ರಿಂದ 20 ಸಾವಿರ ಆರ್‌ಪಿಎಂ. ಮನೆಗೆ ಬರುವ ಕರೆಂಟು 50 ಹರ್ಟ್ಜ್. ಅದನ್ನು ನೇರವಾಗಿ ಕೊಟ್ಟರೆ ಇಂಡಕ್ಷನ್ ಮೋಟಾರು ಎಷ್ಟೇ ಒದ್ದಾಡಿದರೂ ನಿಮಿಷಕ್ಕೆ 3000 ಸುತ್ತು ದಾಟಲ್ಲ (ಸೆಕೆಂಡಿಗೆ 50, ಗುಣಿಸು 60). ಆ ಮಿತಿಯನ್ನು ಮಿಕ್ಸಿ ಮೀರುವುದು ಯೂನಿವರ್ಸಲ್ ಮೋಟಾರಿನಿಂದ. ತಿರುಗುವ ಆರ್ಮೇಚರ್‌ನ ಸುರುಳಿಗಳಿಗೆ ಎರಡು ಕಾರ್ಬನ್ ಬ್ರಷ್‌ಗಳು ಉಜ್ಜುತ್ತಾ ಕರೆಂಟ್ ಮುಟ್ಟಿಸುತ್ತವೆ. ಯಾವ ಸುರುಳಿಗೆ ಯಾವಾಗ ಕರೆಂಟ್ ಹೋಗಬೇಕು ಅನ್ನೋದನ್ನ ತಾಮ್ರದ ಕಮ್ಯುಟೇಟರ್ ತಾನು ತಿರುಗುತ್ತಲೇ ನಿರ್ಧರಿಸುತ್ತೆ. ಅಂದರೆ ಆ ಮೋಟಾರಿನಲ್ಲಿ ಸ್ವಿಚ್ಚೂ ಸೆನ್ಸರೂ ಒಂದೇ, ಆ ತಾಮ್ರದ ಪಟ್ಟಿಗಳು.

ಅದರ ಬೆಲೆ ನಮಗೆಲ್ಲ ಗೊತ್ತು. ಕತ್ತಲಲ್ಲಿ ಮಿಕ್ಸಿ ಹಾಕಿದರೆ ತಳದ ಗಾಳಿಕಿಂಡಿಯಲ್ಲಿ ನೀಲಿ ಕಿಡಿ, ಆ ವಿಚಿತ್ರ ವಾಸನೆ, ಪಕ್ಕದ ರೇಡಿಯೊದಲ್ಲಿ ಗರಗರ. ಬ್ರಷ್ ಸವೆಯುತ್ತೆ. ಸವೆದಾಗ ಬೀದಿ ತುದಿಯ ಅಂಗಡಿಗೆ ತಗೊಂಡು ಹೋದರೆ ಎರಡು ಸ್ಕ್ರೂ ಬಿಚ್ಚಿ, ಹೊಸ ಜೋಡಿ ಹಾಕಿ, ಹದಿನೈದು ನಿಮಿಷದಲ್ಲಿ ವಾಪಸ್ ಕೊಡ್ತಾರೆ. ಈ ಹದಿನೈದು ನಿಮಿಷವನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬಿಎಲ್‌ಡಿಸಿ ಮೋಟಾರಿನಲ್ಲಿ ಎಲ್ಲ ಒಳಗಿನದು ಹೊರಗೆ. ತಿರುಗುವ ಭಾಗದಲ್ಲಿ ಬರೀ ಅಯಸ್ಕಾಂತ, ಸುರುಳಿಗಳು ಸುತ್ತ ನಿಂತಲ್ಲೇ ನಿಂತಿರುತ್ತವೆ. ಉಜ್ಜುವಂಥದ್ದು ಬೇರಿಂಗ್ ಬಿಟ್ಟರೆ ಏನೂ ಇಲ್ಲ. ಆದರೆ ಕಮ್ಯುಟೇಟರ್ ಹೋದ ಮೇಲೆ ಅದರ ಕೆಲಸ ಯಾರು ಮಾಡಬೇಕು? ಆರು ಮಾಸ್ಫೆಟ್‌ಗಳು ಮತ್ತು ಅವುಗಳನ್ನು ಆಡಿಸುವ ಒಂದು ಮೈಕ್ರೋಕಂಟ್ರೋಲರ್. ಮಾಸ್ಫೆಟ್‌ಗಳು ಸ್ವಿಚ್ ಆಗುತ್ತವೆ, ಸರಿ. ಸೆನ್ಸರ್ ಯಾವುದು?

ಸರಳ ಉತ್ತರ ಹಾಲ್ ಸೆನ್ಸರ್. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮದ ಮೇಲೆ ನಿಂತ ಪುಟ್ಟ ಚಿಪ್. ಅಯಸ್ಕಾಂತದ ಧ್ರುವ ಎದುರು ಹಾದುಹೋದರೆ ಹೌದು ಅಥವಾ ಇಲ್ಲ ಅನ್ನುತ್ತೆ. ಇಂಥ ಮೂರನ್ನು ಮೋಟಾರಿನೊಳಗೆ ಕೂರಿಸಿದರೆ ರೋಟರ್ ಆರರಲ್ಲಿ ಯಾವ ಭಾಗದಲ್ಲಿದೆ ಅಂತ ಗೊತ್ತಾಗುತ್ತೆ. ಇಲೆಕ್ಟ್ರಿಕ್ ಸ್ಕೂಟರ್‌ಗಳ ಹಬ್ ಮೋಟಾರುಗಳಲ್ಲಿ ಇವು ಸಾಮಾನ್ಯ.

ನೂರು ಮೈಕ್ರೋಸೆಕೆಂಡಿನ ಗಡುವು

ಹಾಗಾದ್ರೆ ವೇಗದ ಮೋಟಾರಿನಲ್ಲಿ ಅದನ್ನೇ ಹಾಕಿದರಾಯ್ತಲ್ಲ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕಂದ್ರೆ ಇಡೀ ಕಥೆ ಈ ಲೆಕ್ಕದಲ್ಲೇ ಇದೆ.

ಮೊದಲು, ಅಷ್ಟು ವೇಗ ಯಾಕೆ ಬೇಕು ಅನ್ನೋದು. ಮೋಟಾರಿನ ಶಕ್ತಿ ಅಂದರೆ ತಿರುಚುಬಲ ಗುಣಿಸು ವೇಗ. ತಿರುಚುಬಲ ಹೆಚ್ಚುಕಡಿಮೆ ರೋಟರ್‌ನ ಗಾತ್ರಕ್ಕೆ ಸಮ. ವೇಗ ಆರು ಪಟ್ಟಾದರೆ ಅದೇ ಶಕ್ತಿಗೆ ಆರನೇ ಒಂದು ಗಾತ್ರದ ಮೋಟಾರು ಸಾಕು. ಕೈಯಲ್ಲಿ ಹಿಡಿಯುವ ವಸ್ತುವಿಗೆ ಇದೇ ಎಲ್ಲ. 2016ರಲ್ಲಿ ಡೈಸನ್ ಕಂಪನಿ ತನ್ನ ಹೇರ್ ಡ್ರೈಯರ್ ತಂದಾಗ ಮೋಟಾರನ್ನು ತಲೆಯ ಭಾಗದಿಂದ ತೆಗೆದು ಹಿಡಿಕೆಯೊಳಗೆ ಇಟ್ಟಿತು. ಆ ಮೋಟಾರಿನ ವ್ಯಾಸ 27 ಮಿಲಿಮೀಟರ್, ವೇಗ 1,10,000 ಆರ್‌ಪಿಎಂ ಅಂತ ಕಂಪನಿ ಹೇಳಿತ್ತು. ಅದರ ಫ್ಯಾನಿಗೆ ಹನ್ನೊಂದರ ಬದಲು ಹದಿಮೂರು ಎಲೆ ಹಾಕಿದ ಕಾರಣವೂ ಸ್ವಾರಸ್ಯ. ಸೆಕೆಂಡಿಗೆ 1,833 ಸುತ್ತು, ಹದಿಮೂರರಿಂದ ಗುಣಿಸಿದರೆ ಸುಮಾರು 23,800 ಹರ್ಟ್ಜ್. ಮನುಷ್ಯರ ಕಿವಿ 20,000ದ ಹತ್ತಿರ ಕೈಚೆಲ್ಲುತ್ತೆ. ಆ ಕೀರಲು ದನಿ ಇದ್ದೇ ಇದೆ, ನಮಗೆ ಕೇಳಲ್ಲ ಅಷ್ಟೆ. (ಮನೆಯ ನಾಯಿಗೆ ಏನನ್ನಿಸುತ್ತೋ!)

ಈಗ ಒಂದು ಲಕ್ಷ ಆರ್‌ಪಿಎಂ ತಗೊಳ್ಳಿ. ಒಂದು ಸುತ್ತಿಗೆ 600 ಮೈಕ್ರೋಸೆಕೆಂಡ್. ಎರಡು ಧ್ರುವದ ರೋಟರ್ ಆದರೆ ಒಂದು ಸುತ್ತಿನಲ್ಲಿ ಆರು ಸಲ ಕರೆಂಟಿನ ದಾರಿ ಬದಲಿಸಬೇಕು. ಪ್ರತಿ ಹೆಜ್ಜೆಗೆ ಸಿಗೋದು 100 ಮೈಕ್ರೋಸೆಕೆಂಡ್. ನಾಲ್ಕು ಧ್ರುವ ಇದ್ದರೆ 50. ಬರೀ 10 ಮೈಕ್ರೋಸೆಕೆಂಡ್ ತಡವಾದರೆ ರೋಟರ್ ಆಗಲೇ 6 ಡಿಗ್ರಿ ಮುಂದೆ ಹೋಗಿರುತ್ತೆ.

ಇಷ್ಟು ಚಿಕ್ಕ ಮೋಟಾರಿನಲ್ಲಿ ರೋಟರ್‌ನ ವ್ಯಾಸ 10 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಸುತ್ತಳತೆ 31 ಮಿಲಿಮೀಟರ್ ಚಿಲ್ಲರೆ. ಹಾಲ್ ಸೆನ್ಸರನ್ನು ಕೂರಿಸುವಾಗ ಒಂದು ಮಿಲಿಮೀಟರ್ ಆಚೀಚೆ ಆದರೆ ಹನ್ನೊಂದು ಡಿಗ್ರಿಗೂ ಮೀರಿದ ತಪ್ಪು. ಜೊತೆಗೆ ಪಕ್ಕದಲ್ಲೇ ಬಿಸಿ ಸುರುಳಿ. ಸಾಮಾನ್ಯ ಹಾಲ್ ಚಿಪ್‌ಗಳು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ಭರವಸೆ ಕೊಡಲ್ಲ. ಮೂರು ಸಿಗ್ನಲ್ ತಂತಿ, ಎರಡು ಪವರ್ ತಂತಿ, ಒಂದು ಕನೆಕ್ಟರ್: ಲಕ್ಷಗಟ್ಟಲೆ ತಯಾರಾಗುವ ವಸ್ತುವಿನಲ್ಲಿ ಇದೆಲ್ಲ ದುಡ್ಡು, ಇದೆಲ್ಲ ಕೆಡುವ ಜಾಗ. ಹೀಗಾಗಿ ಸೆನ್ಸರ್ ಕಿತ್ತುಹಾಕುವುದು ಬರೀ ಜಿಪುಣತನ ಅಲ್ಲ. ಇಂಜಿನಿಯರಿಂಗ್ ಆಗಿ ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ.

ಸೆನ್ಸರ್ ಇಡಲು ಜಾಗವೇ ಇಲ್ಲದ ಇನ್ನೊಂದು ಯಂತ್ರ ನಮ್ಮ ಮನೆಗಳಲ್ಲಿ ಮೊದಲೇ ಇತ್ತು. ಇನ್ವರ್ಟರ್ ಎಸಿ ಮತ್ತು ಫ್ರಿಜ್‌ನ ಕಂಪ್ರೆಸರ್. ಮೋಟಾರು ಬೆಸುಗೆ ಹಾಕಿದ ಡಬ್ಬಿಯೊಳಗೆ, ಬಿಸಿ ಎಣ್ಣೆ ಮತ್ತು ರೆಫ್ರಿಜರೆಂಟ್‌ನಲ್ಲಿ ಮುಳುಗಿರುತ್ತೆ. ಅಲ್ಲಿ ಎಲೆಕ್ಟ್ರಾನಿಕ್ ಚಿಪ್ ಬದುಕುವುದು ಕಷ್ಟ. 1985ರಲ್ಲಿ ಜಪಾನಿನ ಈಜುಕಾ ಮತ್ತು ಸಂಗಡಿಗರು ಮೈಕ್ರೋಕಂಪ್ಯೂಟರ್ ಬಳಸಿ ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಮೋಟಾರು ಓಡಿಸುವ ಬಗ್ಗೆ ಪ್ರಕಟಿಸಿದ ಪ್ರಬಂಧವನ್ನು ಈ ಕ್ಷೇತ್ರದವರು ಈಗಲೂ ಉಲ್ಲೇಖಿಸುತ್ತಾರೆ.

ಕೆಲಸವಿಲ್ಲದ ತಂತಿಯ ಮಾತು

ಸೆನ್ಸರ್ ಇಲ್ಲದೆ ಗೊತ್ತಾಗುವುದು ಹೇಗೆ? ಮೋಟಾರು ತಿರುಗುವಾಗಲೆಲ್ಲ ಅದೊಂದು ಜನರೇಟರ್ ಕೂಡ ಹೌದು. ಸುರುಳಿಯ ಮುಂದೆ ಅಯಸ್ಕಾಂತ ಓಡಿದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತೆ, 1831ರ ಫ್ಯಾರಡೆ. ಅದು ನಾವು ಕೊಡುವ ವೋಲ್ಟೇಜಿಗೆ ಎದುರಾಗಿ ನಿಲ್ಲುವುದರಿಂದ ಬ್ಯಾಕ್ ಇಎಂಎಫ್ ಅಂತ ಕರೀತಾರೆ. ವೇಗ ಹೆಚ್ಚಿದಷ್ಟೂ ಇದೂ ಹೆಚ್ಚು.

ಆರು ಹೆಜ್ಜೆಯ ಸರಳ ವಿಧಾನದಲ್ಲಿ ಯಾವುದೇ ಕ್ಷಣಕ್ಕೆ ಮೂರರಲ್ಲಿ ಎರಡು ತಂತಿಗಳಲ್ಲಿ ಮಾತ್ರ ಕರೆಂಟ್ ಇರುತ್ತೆ. ಮೂರನೆಯದು ಖಾಲಿ. ಆ ಖಾಲಿ ತಂತಿಯಲ್ಲಿ ಬ್ಯಾಕ್ ಇಎಂಎಫ್ ಸ್ವಚ್ಛವಾಗಿ ಕಾಣುತ್ತೆ. ಅದು ಧನದಿಂದ ಋಣಕ್ಕೆ ಅಥವಾ ಋಣದಿಂದ ಧನಕ್ಕೆ ದಾಟುವ ಬಿಂದುವನ್ನು ಹಿಡಿಯಬೇಕು. ಅಲ್ಲಿಂದ ಸರಿಯಾಗಿ 30 ವಿದ್ಯುತ್ ಡಿಗ್ರಿ ಆದಮೇಲೆ ಮುಂದಿನ ಹೆಜ್ಜೆ. ನಮ್ಮ ಲಕ್ಷ ಆರ್‌ಪಿಎಂ ಉದಾಹರಣೆಯಲ್ಲಿ ಅದು 50 ಮೈಕ್ರೋಸೆಕೆಂಡ್. ಸೊನ್ನೆ ದಾಟಿದ್ದನ್ನು ಕಂಡು, 50 ಎಣಿಸಿ, ಸ್ವಿಚ್ ಮಾಡು. ಮತ್ತೆ ಮತ್ತೆ, ಸೆಕೆಂಡಿಗೆ ಹತ್ತು ಸಾವಿರ ಸಲ.

ಪುಸ್ತಕದಲ್ಲಿ ಇಷ್ಟೇ. ಬೋರ್ಡಿನ ಮೇಲೆ ಹಾಗಿಲ್ಲ. ವೇಗ ಹೆಚ್ಚುಕಡಿಮೆ ಮಾಡಲು ಮಾಸ್ಫೆಟ್‌ಗಳನ್ನು ಸೆಕೆಂಡಿಗೆ, ಹೇಳಿ, 20 ಸಾವಿರ ಸಲ ಆನ್ ಆಫ್ ಮಾಡ್ತಾ ಇರ್ತೀವಿ; ಅದು ಪಿಡಬ್ಲ್ಯೂಎಂ. ಅಂದರೆ 50 ಮೈಕ್ರೋಸೆಕೆಂಡಿಗೆ ಒಂದು ಬಡಿತ. ಒಂದು ಹೆಜ್ಜೆಗೆ ಸಿಗುವುದು ಎರಡೇ ಬಡಿತ! ಸೀಲಿಂಗ್ ಫ್ಯಾನಿನಲ್ಲಿ ಒಂದು ಹೆಜ್ಜೆಯೊಳಗೆ ಇಂಥ ಹತ್ತಾರು ಬಡಿತ ಇರುತ್ತವೆ. ಒಂದೆರಡು ತಪ್ಪಿದರೂ ನಡೆಯುತ್ತೆ. ಇಲ್ಲಿ ಒಂದು ತಪ್ಪಿದರೆ ಅರ್ಧ ಹೆಜ್ಜೆ ಹೋಯ್ತು. ಪ್ರತಿ ಬಡಿತವೂ ಖಾಲಿ ತಂತಿಯ ಮೇಲೆ ಗದ್ದಲ ಎಬ್ಬಿಸುತ್ತೆ. ಗದ್ದಲ ಸೋಸಲು ಫಿಲ್ಟರ್ ಹಾಕಿದರೆ ಅದೇ ತಡ ಮಾಡುತ್ತೆ: 20 ಮೈಕ್ರೋಸೆಕೆಂಡ್ ತಡ ಅಂದರೆ 12 ಡಿಗ್ರಿ. ವೇಗ ಬದಲಾದಂತೆ ಆ ಡಿಗ್ರಿಯೂ ಬದಲಾಗುತ್ತೆ, ಹಾಗಾಗಿ ಸಾಫ್ಟ್‌ವೇರ್ ಪ್ರತಿ ವೇಗಕ್ಕೂ ಬೇರೆ ಬೇರೆ ತಿದ್ದುಪಡಿ ಮಾಡಬೇಕು.

ದಾರಿಗಳಿವೆ. ಪಿಡಬ್ಲ್ಯೂಎಂ ವೇಗವನ್ನು ಇನ್ನೂ ಏರಿಸಬಹುದು, ಆದರೆ ಮಾಸ್ಫೆಟ್ ಬಿಸಿಯಾಗುತ್ತೆ. ಬಡಿತಗಳನ್ನೇ ಬಿಟ್ಟು, ಇಡೀ ಹೆಜ್ಜೆಗೆ ಒಂದೇ ಬಡಿತ ಕೊಟ್ಟು, ಮೋಟಾರಿಗೆ ಹೋಗುವ ಡಿಸಿ ವೋಲ್ಟೇಜನ್ನೇ ಏರಿಳಿಸಬಹುದು. ಅಥವಾ ಸೊನ್ನೆ ದಾಟುವುದನ್ನು ಕಾಯದೆ ಲೆಕ್ಕದಿಂದಲೇ ರೋಟರ್‌ನ ಜಾಗ ಅಂದಾಜು ಮಾಡಬಹುದು. ಈ ಮೂರನೆಯದೇ ಈಗಿನ ಮುಖ್ಯ ದಾರಿ.

ಅದರ ಹಿಂದಿನ ಗಣಿತ ಹಳೆಯದು. ಮೂರು ತಂತಿಗಳ ಅಲೆಗಳನ್ನು ಎರಡು ಸರಳ ಸಂಖ್ಯೆಗಳಾಗಿ ಇಳಿಸುವ ಪರಿವರ್ತನೆಗಳಿಗೆ ಈಡಿತ್ ಕ್ಲಾರ್ಕ್ ಮತ್ತು ರಾಬರ್ಟ್ ಪಾರ್ಕ್ ಹೆಸರಿದೆ. ಪಾರ್ಕ್ ಪ್ರಬಂಧ 1929ರದ್ದು. ಕ್ಲಾರ್ಕ್ ಎಂಐಟಿಯಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಪಡೆದ ಮೊದಲ ಮಹಿಳೆ (1919), ಮುಂದೆ 1947ರಲ್ಲಿ ಅಮೆರಿಕದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್. ನಾನು ಇಂಜಿನಿಯರಿಂಗ್ ಓದುವಾಗ ಪರೀಕ್ಷೆಗೆ ಕ್ಲಾರ್ಕ್ ಟ್ರಾನ್ಸ್‌ಫಾರ್ಮ್ ಬಾಯಿಪಾಠ ಮಾಡಿದ್ದೆ. ಕ್ಲಾರ್ಕ್ ಅಂದ್ರೆ ಒಬ್ಬ ಹೆಂಗಸು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ. 1970ರ ದಶಕದ ಆರಂಭದಲ್ಲಿ ಸೀಮೆನ್ಸ್‌ನ ಬ್ಲಾಶ್ಕೆ ಇದನ್ನೇ ಬಳಸಿ ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್ ಅನ್ನೋ ವಿಧಾನ ರೂಪಿಸಿದರು. ಆಗ ಅದಕ್ಕೆ ಬೀರುವಿನಷ್ಟು ಎಲೆಕ್ಟ್ರಾನಿಕ್ಸ್ ಬೇಕಿತ್ತು, ಈಗ ಬೆರಳ ಉಗುರಿನಷ್ಟು ಚಿಪ್ ಸಾಕು.

ಚಿಪ್ ಮಾಡುವುದು ಇಷ್ಟು. ತಾನು ಕೊಟ್ಟ ವೋಲ್ಟೇಜ್ ತನಗೆ ಗೊತ್ತು. ಹರಿದ ಕರೆಂಟನ್ನು ಒಂದು ಸಣ್ಣ ರೆಸಿಸ್ಟರ್ ಮೂಲಕ ಅಳೆಯುತ್ತೆ. ಸುರುಳಿಯ ರೆಸಿಸ್ಟೆನ್ಸ್ ಮತ್ತು ಇಂಡಕ್ಟೆನ್ಸ್ ಅದರ ಮೆಮೊರಿಯಲ್ಲಿ ಬರೆದಿರುತ್ತೆ. ಕೊಟ್ಟದ್ದರಲ್ಲಿ ಸುರುಳಿ ನುಂಗಿದ್ದನ್ನು ಕಳೆದರೆ ಉಳಿಯುವುದೇ ಬ್ಯಾಕ್ ಇಎಂಎಫ್. ಅದರಿಂದ ರೋಟರ್‌ನ ಕೋನ. ಈ ಲೆಕ್ಕಕ್ಕೆ ಅಬ್ಸರ್ವರ್ ಅಂತ ಹೆಸರು. ಮೆಮೊರಿಯಲ್ಲಿ ಬರೆದ ಆ ಸಂಖ್ಯೆಗಳು ತಪ್ಪಾದರೆ ಉತ್ತರವೂ ತಪ್ಪು. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿ ಬಿಸಿಗೆ ಶೇ. 0.39ರಷ್ಟು ಏರುತ್ತೆ, ನೂರು ಡಿಗ್ರಿ ಬಿಸಿಯಾದರೆ ಶೇ. 39. ಒಳ್ಳೆಯ ಸಾಫ್ಟ್‌ವೇರ್ ಇದನ್ನೂ ಅಂದಾಜು ಮಾಡಿಕೊಳ್ಳುತ್ತೆ, ಅಗ್ಗದ್ದು ಮಾಡಲ್ಲ.

ನಿಂತಾಗ ಕುರುಡು

ಎಲ್ಲದರಲ್ಲೂ ಒಂದು ತೊಡಕು ಉಳಿಯುತ್ತೆ. ವೇಗ ಸೊನ್ನೆ ಇದ್ದಾಗ ಬ್ಯಾಕ್ ಇಎಂಎಫ್ ಕೂಡ ಸೊನ್ನೆ. ಅಮ್ಮನ ಫ್ಯಾನಿನ ತೊನೆತಕ್ಕೆ ಮೂಲ ಇದು. ಗಾಳಿ ತಳ್ಳುವ ಯಂತ್ರಗಳಿಗೆ ಇದು ದೊಡ್ಡ ಕಷ್ಟ ಅಲ್ಲ, ಯಾಕಂದ್ರೆ ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ನಿಧಾನಕ್ಕೆ ತಿರುಗುವಾಗ ಹೊರೆಯೇ ಇರಲ್ಲ. ಹಾಗಾಗಿ ವ್ಯಾಕ್ಯೂಮ್, ಹೇರ್ ಡ್ರೈಯರ್, ಫ್ಯಾನುಗಳಿಗೆ ಸೆನ್ಸರ್‌ಲೆಸ್ ಹೇಳಿ ಮಾಡಿಸಿದಂತಿದೆ.

ಆದರೆ ಮಿಕ್ಸಿಗೆ ಕಾಯಿತುರಿ, ಹುರಿಗಡಲೆ, ಹೆಪ್ಪುಗಟ್ಟಿದ ಹುಣಸೆಹಣ್ಣು ಹಾಕಿ ಸ್ವಿಚ್ ತಿರುಗಿಸಿ ನೋಡಿ. ಮೊದಲ ಸುತ್ತಿಗೇ ಪೂರ್ತಿ ಹೊರೆ. ಕುರುಡಾಗಿ ಶುರುಮಾಡುವ ಮೋಟಾರು ಅಲ್ಲೇ ನಡುಗಿ ನಿಲ್ಲುತ್ತೆ. ಇದಕ್ಕೂ ಉಪಾಯಗಳಿವೆ: ಸುರುಳಿಗೆ ತೀರಾ ಚಿಕ್ಕ ಬಡಿತಗಳನ್ನು ಕೊಟ್ಟು, ಕಬ್ಬಿಣ ಯಾವ ದಿಕ್ಕಿನಲ್ಲಿ ಬೇಗ ತುಂಬಿಕೊಳ್ಳುತ್ತೆ ಅನ್ನೋದರಿಂದ ಅಯಸ್ಕಾಂತದ ದಿಕ್ಕನ್ನು ಪತ್ತೆ ಮಾಡುವುದು ಒಂದು. ಯೂನಿವರ್ಸಲ್ ಮೋಟಾರಿಗೆ ಇದ್ಯಾವುದರ ಗೋಜಿಲ್ಲ. ನಿಂತಲ್ಲಿಂದಲೇ ಅದರ ಬಲ ಹೆಚ್ಚು. ಮಿಕ್ಸಿಗಳಲ್ಲಿ ಕಾರ್ಬನ್ ಬ್ರಷ್ ಇನ್ನೂ ಉಳಿದಿರುವುದಕ್ಕೆ ಅಗ್ಗ ಅನ್ನೋದು ಅರ್ಧ ಕಾರಣ, ಚಟ್ನಿ ಇನ್ನರ್ಧ.

ಕಾನೂನು ತಳ್ಳಿದ್ದು ಎಷ್ಟು

ಈ ಬದಲಾವಣೆ ಬರೀ ಮಾರುಕಟ್ಟೆಯ ಆಟ ಅಂದುಕೊಳ್ಳಬೇಡಿ. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರಿನಿಂದ ವ್ಯಾಕ್ಯೂಮ್ ಕ್ಲೀನರ್‌ಗಳ ಶಕ್ತಿಗೆ 1600 ವ್ಯಾಟ್, 2017ರಿಂದ 900 ವ್ಯಾಟ್ ಮಿತಿ ಹಾಕಿತು. ಜೊತೆಗೆ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು ಅಂತಲೂ ಹೇಳಿತು. ವಾರಕ್ಕೊಂದು ಗಂಟೆಯಂತೆ ಹತ್ತು ವರ್ಷ. ಬ್ರಿಟನ್ನಿನ ಪತ್ರಿಕೆಗಳು ಆಗ ಬ್ರಸೆಲ್ಸ್ ನಮ್ಮ ಕಸಗುಡಿಸುವ ಯಂತ್ರಕ್ಕೂ ಕೈಹಾಕಿತು ಅಂತ ಕೂಗಾಡಿದವು. ತಮಾಷೆ ಅಂದರೆ ಬ್ಯಾಟರಿಯಿಂದ ಓಡುವ ಕ್ಲೀನರ್‌ಗಳಿಗೆ ಆ ನಿಯಮ ಅನ್ವಯಿಸಲೇ ಇಲ್ಲ. ಲಕ್ಷ ಆರ್‌ಪಿಎಂ ಮೋಟಾರುಗಳು ಸೇರಿಕೊಂಡದ್ದು ಹೆಚ್ಚಾಗಿ ಅಲ್ಲೇ.

ನಮ್ಮಲ್ಲಿ ಕಾನೂನು ಫ್ಯಾನಿನಿಂದ ಒಳಬಂತು. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ಬಿಇಇ ಸ್ಟಾರ್ ಲೇಬಲ್ ಕಡ್ಡಾಯ. ಅದೇ ನವೆಂಬರಿನಲ್ಲಿ ಇಇಎಸ್‌ಎಲ್ ಒಂದು ಕೋಟಿ ದಕ್ಷ ಫ್ಯಾನುಗಳ ಕಾರ್ಯಕ್ರಮ ಘೋಷಿಸಿತು. 75 ವ್ಯಾಟ್ ತಿನ್ನುವ ಫ್ಯಾನಿನ ಜಾಗದಲ್ಲಿ 30 ವ್ಯಾಟಿನದು ಬಂದರೆ, ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಕರ್ನಾಟಕದಲ್ಲಿ ಗೃಹಜ್ಯೋತಿಯ ಮಿತಿಯೊಳಗೆ ಸೊನ್ನೆ ಬಿಲ್ ಬರುವ ಮನೆಗೆ ಆ 16 ಯೂನಿಟ್‌ನಿಂದ ಒಂದು ಪೈಸೆಯೂ ಉಳಿಯಲ್ಲ. ಉಳಿಯೋದು ಸಬ್ಸಿಡಿ ಕಟ್ಟುವ ಸರ್ಕಾರಕ್ಕೆ. ಹಾಗಾದರೆ ಆ ಮನೆಗಳಿಗೆ ಫ್ಯಾನನ್ನೇ ಸರ್ಕಾರ ಯಾಕೆ ಕೊಡಬಾರದು ಅಂತ ಯಾರೂ ಗಟ್ಟಿಯಾಗಿ ಕೇಳ್ತಿಲ್ಲ. ಇರ್ಲಿ, ಅದು ಬೇರೆಯೇ ಲೇಖನ.

ಅಯಸ್ಕಾಂತದ ರಾಜಕೀಯವನ್ನು ಮಾತ್ರ ಒಂದು ಮಾತಲ್ಲಿ ಹೇಳಿಬಿಡ್ತೀನಿ. ಫ್ಯಾನುಗಳಿಗೆ ಸಾಮಾನ್ಯವಾಗಿ ಅಗ್ಗದ ಫೆರೈಟ್ ಸಾಕು. ಪುಟ್ಟ, ವೇಗದ ಮೋಟಾರುಗಳಿಗೆ ನಿಯೋಡಿಮಿಯಮ್ ಬೇಕು, ಅದರ ತಯಾರಿಕೆಯ ಸಿಂಹಪಾಲು ಚೀನಾದ್ದು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಲೋಹಗಳ ಮತ್ತು ಅವುಗಳಿರುವ ಅಯಸ್ಕಾಂತಗಳ ರಫ್ತಿಗೆ ಬಿಗಿ ಹಾಕಿತು. ನವೆಂಬರಿನಲ್ಲಿ ಕೇಂದ್ರ ಸಂಪುಟ ಇಲ್ಲೇ ಅಯಸ್ಕಾಂತ ತಯಾರಿಸಲು 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು.

ಹದಿನೈದು ನಿಮಿಷ ಎಲ್ಲಿ ಹೋಯ್ತು

ಹೋದ ವರ್ಷ ನನ್ನ ಬ್ಯಾಟರಿ ವ್ಯಾಕ್ಯೂಮ್ ಕ್ಲೀನರ್ ನಿಂತುಹೋಯ್ತು. ಕಂಪನಿಯ ಸರ್ವಿಸ್ ಸೆಂಟರ್‌ನವರು ಬಿಚ್ಚಿ ನೋಡದೆಯೇ "ಮೋಟಾರ್ ಅಸೆಂಬ್ಲಿ ಪೂರ್ತಿ ಬದಲಿಸಬೇಕು ಸರ್" ಅಂದರು. ಹೊಸದರ ಅರ್ಧ ಬೆಲೆ. ವಾಪಸ್ ತಂದು, ಮಿಕ್ಸಿ ಬ್ರಷ್ ಹಾಕಿಕೊಡುವ ನಮ್ಮ ಬೀದಿಯ ಮೆಕ್ಯಾನಿಕ್ ಮುಂದಿಟ್ಟೆ. ಅವರು ಮೀಟರ್ ಹಿಡಿದು ಮೂರೂ ತಂತಿಗಳ ನಡುವೆ ಅಳೆದರು, ಬೆರಳಿಂದ ತಿರುಗಿಸಿ ಬೇರಿಂಗ್ ನೋಡಿದರು. "ಮೋಟಾರ್‌ಗೇನೂ ಆಗಿಲ್ಲ ಸಾರ್. ಬೋರ್ಡ್ ಹೋಗಿದೆ. ಬೇರೆ ಬೋರ್ಡ್ ಹಾಕಿದ್ರೆ ಇದು ಮಾತು ಕೇಳಲ್ಲ."

ಯಾಕೆ ಕೇಳಲ್ಲ ಅನ್ನೋದು ಈಗ ನಿಮಗೂ ಗೊತ್ತು. ಹಾಲ್ ಸೆನ್ಸರ್ ಇದ್ದಿದ್ದರೆ ಎಸ್‌ಪಿ ರೋಡಿನಂಥ ಕಡೆ ಸಿಗುವ ಯಾವುದೋ ಡ್ರೈವರ್ ಬೋರ್ಡ್ ಅದನ್ನು ಓದಿಕೊಂಡು ತಿರುಗಿಸುತ್ತಿತ್ತು. ಸೆನ್ಸರ್‌ಲೆಸ್ ಮೋಟಾರಿನ ಕಣ್ಣು ಇರುವುದು ಫರ್ಮ್‌ವೇರ್‌ನಲ್ಲಿ, ಆ ಒಂದು ಮೋಟಾರಿನ ಮೂರ್ನಾಲ್ಕು ಸಂಖ್ಯೆಗಳಲ್ಲಿ. ಚಿಪ್ಪಿಗೆ ಬೀಗ ಹಾಕಿರುತ್ತೆ. ಫ್ಯಾನುಗಳಿಗೆ 'ಯೂನಿವರ್ಸಲ್' ಬೋರ್ಡುಗಳು ಮಾರುಕಟ್ಟೆಯಲ್ಲಿ ಬಂದಿವೆ, ನಿಧಾನದ ಮೋಟಾರಾದ್ದರಿಂದ ಒಂದಷ್ಟು ಹೊಂದಿಕೊಳ್ಳುತ್ತವೆ. ಎರಡೇ ಬಡಿತದ ಗಡುವಿನಲ್ಲಿ ಓಡುವ ಮೋಟಾರಿಗೆ ಆ ಉದಾರತೆ ಇಲ್ಲ.

ಇದು ತಂತ್ರಜ್ಞಾನದ ಅನಿವಾರ್ಯ ಅಂತ ಕಂಪನಿಗಳು ಹೇಳಿದರೆ ನಂಬಬೇಡಿ. 2013ರಲ್ಲೇ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇನ್‌ಸ್ಟಾಸ್ಪಿನ್ ಅನ್ನೋ ಚಿಪ್-ಸಾಫ್ಟ್‌ವೇರ್ ತಂದಿತ್ತು. ಅಪರಿಚಿತ ಮೋಟಾರಿಗೆ ಜೋಡಿಸಿದರೆ ಅದರ ರೆಸಿಸ್ಟೆನ್ಸ್, ಇಂಡಕ್ಟೆನ್ಸ್, ಅಯಸ್ಕಾಂತದ ಬಲ ಎಲ್ಲವನ್ನೂ ತಾನೇ ಅಳೆದುಕೊಳ್ಳುವ ಚಿಪ್ ಅದು. ಸ್ವೀಡನ್ನಿನ ಬೆಂಜಮಿನ್ ವೆಡರ್ ರೂಪಿಸಿದ ವೆಸ್ಕ್ ಅನ್ನೋ ಓಪನ್ ಸೋರ್ಸ್ ಕಂಟ್ರೋಲರ್ ಕೂಡ ಇದನ್ನೇ ಮಾಡುತ್ತೆ, ಅದರ ಕೋಡ್ ಯಾರು ಬೇಕಾದರೂ ಓದಬಹುದು. ಸ್ಕೇಟ್‌ಬೋರ್ಡ್ ಹುಡುಗರ ಕೈಗೆ ಸಿಗುವ ಈ ಸೌಲಭ್ಯ ಮನೆ ಸಾಮಾನು ರಿಪೇರಿ ಮಾಡುವವರ ಕೈಗೆ ಸಿಗದಿರುವುದು ವ್ಯಾಪಾರದ ಆಯ್ಕೆ.

ಭಾರತದಲ್ಲಿ ರಿಪೇರಿ ಹಕ್ಕಿನ ಮಾತು ಶುರುವಾಗಿ ಕೆಲವು ವರ್ಷ ಆಯ್ತು. 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ವಾಹನಗಳ ಜೊತೆ ಗೃಹೋಪಯೋಗಿ ವಸ್ತುಗಳೂ ಅದರ ಪಟ್ಟಿಯಲ್ಲಿದ್ದವು. ಡಿಸೆಂಬರಿನಲ್ಲಿ ಪೋರ್ಟಲ್ ಬಂತು. ಅಲ್ಲಿ ಕಂಪನಿಗಳ ಸರ್ವಿಸ್ ವಿವರ, ವಾರಂಟಿ ಮಾಹಿತಿ ಸಿಗುತ್ತೆ. 2025ರಲ್ಲಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್‌ಗೆ ರಿಪೇರಿ ಸೂಚ್ಯಂಕ ಬೇಕು ಅಂತ ಇನ್ನೊಂದು ಸಮಿತಿ ವರದಿ ಕೊಟ್ಟಿತು. ಬಿಡಿಭಾಗ ಸಿಗಬೇಕು ಅನ್ನೋ ಬೇಡಿಕೆ ಈ ಚರ್ಚೆಯಲ್ಲಿ ಚೆನ್ನಾಗಿ ಕೇಳಿಬರುತ್ತೆ. ಆದರೆ ಬ್ರಷ್ ಇಲ್ಲದ ಯಂತ್ರದಲ್ಲಿ ಬಿಡಿಭಾಗ ಅಂದರೆ ಏನು? ಮೋಟಾರಿನ ಆ ನಾಲ್ಕು ಸಂಖ್ಯೆಗಳನ್ನು ಬಾಡಿಯ ಮೇಲಿನ ಲೇಬಲ್ಲಿನಲ್ಲಿ ಅಚ್ಚು ಹಾಕಿಸುವುದಕ್ಕೆ ಎಷ್ಟು ಖರ್ಚು? ವೋಲ್ಟೇಜು, ವ್ಯಾಟು ಹಾಕ್ತಾರಲ್ಲ, ಅದರ ಕೆಳಗೆ ಇನ್ನೊಂದು ಸಾಲು. ಬೋರ್ಡನ್ನು ಮೋಟಾರಿಗೆ ಅಂಟಿನಲ್ಲಿ ಮುಳುಗಿಸದೆ ಬೇರೆಯಾಗಿ ಮಾರುವುದಕ್ಕೆ? ಬಿಇಇ ಲೇಬಲ್ ಬರೆಯುವವರಿಗೂ, ರಿಪೇರಿ ಸೂಚ್ಯಂಕ ಬರೆಯುವವರಿಗೂ ನನ್ನ ಕೇಳಿಕೆ ಇಷ್ಟೇ.

ನನ್ನ ಕ್ಲೀನರ್ ವಿಷಯ ಹೇಳಿಬಿಡ್ತೀನಿ. ಗೆಳೆಯನೊಬ್ಬನ ಹತ್ತಿರ ವೆಸ್ಕ್ ಬೋರ್ಡ್ ಇತ್ತು. ಒಂದು ಭಾನುವಾರ ಮೆಕ್ಯಾನಿಕ್ ಅಂಗಡಿಯಲ್ಲೇ ಮೂರು ತಂತಿ ಬೆಸೆದು, ಲ್ಯಾಪ್‌ಟಾಪ್ ಜೋಡಿಸಿ, ಮೋಟಾರ್ ಪತ್ತೆಹಚ್ಚುವ ಬಟನ್ ಒತ್ತಿದೆವು. ಕೀಂಯ್ ಅಂತ ಎರಡು ಸಲ ಸದ್ದಾಯ್ತು, ಪರದೆ ಮೇಲೆ ಸಂಖ್ಯೆಗಳು ಬಂದವು, ಮೋಟಾರು ನಿಧಾನಕ್ಕೆ ತಿರುಗಿತು. ಮೆಕ್ಯಾನಿಕ್ ಆ ಸಂಖ್ಯೆಗಳನ್ನು ತಮ್ಮ ಬಿಲ್ ಪುಸ್ತಕದ ಹಿಂದೆ ಬರೆದಿಟ್ಟುಕೊಂಡು, "ಈ ಬೋರ್ಡು ಎಷ್ಟಕ್ಕೆ ಸಿಗುತ್ತೆ ಸಾರ್?" ಅಂತ ಕೇಳಿದರು. ಕ್ಲೀನರಿನ ಬೆಲೆಗೆ ಹತ್ತಿರ ಅಂದೆ. ನಕ್ಕು ಮಿಕ್ಸಿ ಕಡೆ ತಿರುಗಿದರು.